61 ಕುಂಚಗಳ ಲೆಕ್ಕ

ಜೂನ್ 7

ಹಿಂದಿನ ಭಾನುವಾರ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು ಬೆಳ್ಳಕ್ಕಿಯ ಕಾಲು ಬರೆಯುತ್ತಿದ್ದೆ. ಬಂದದ್ದು ಕಾಲಲ್ಲ, ವಿದ್ಯುತ್ ಕಂಬ. ಪಕ್ಕದಲ್ಲಿ ಬರೆಯುತ್ತಿದ್ದ ಕಾಲೇಜು ಹುಡುಗಿ ಸ್ವಲ್ಪ ಹೊತ್ತು ಸಹಿಸಿಕೊಂಡು, "ಸರ್, ಇದರಲ್ಲಿ ಒಮ್ಮೆ ಎಳೆದು ನೋಡಿ" ಎಂದು ತನ್ನ 2ನೇ ನಂಬರಿನ ಸಣ್ಣ ಕುಂಚ ಕೊಟ್ಟಳು. ಕಾಲು ಬಂತು, ಮಂಡಿಯ ಗಂಟಿನ ಸಮೇತ. ಕೈ ನಡುಗುತ್ತಿದೆ, ವಯಸ್ಸಾಯಿತು ಎಂದು ಮೂರು ವರ್ಷಗಳಿಂದ ಹೇಳಿಕೊಂಡು ತಿರುಗಿದ್ದೆಲ್ಲ ಸುಳ್ಳಾಯಿತು. ಮನೆಗೆ ಬಂದು ನನ್ನ 2ನೇ ನಂಬರನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಅದರ ತುದಿ ಹಾವಿನ ನಾಲಿಗೆಯಂತೆ ಸೀಳಿಕೊಂಡಿತ್ತು.

ಇವತ್ತು ಎರಡು ಬಾಟಲಿ, ಒಂದು ಬಿಸ್ಕತ್ತಿನ ಡಬ್ಬ, ಮೇಜಿನ ಖಾನೆ ಎಲ್ಲವನ್ನೂ ಹಳೆಯ ಪತ್ರಿಕೆಯ ಮೇಲೆ ಸುರಿದೆ. 61. ಹನ್ನೊಂದು ವರ್ಷಗಳಲ್ಲಿ ಒಂದನ್ನೂ ಎಸೆದಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಜೂನ್ 9

ಗಣಿತದ ಮೇಷ್ಟ್ರಾಗಿದ್ದವನು ನಾನು, ಪರೀಕ್ಷೆಯಿಲ್ಲದೆ ಯಾರನ್ನೂ ನಪಾಸು ಮಾಡುವುದಿಲ್ಲ. ಪ್ರತಿಯೊಂದನ್ನೂ ನೀರಿನಲ್ಲಿ ಅದ್ದಿ ಮಣಿಕಟ್ಟಿನಿಂದ ಒಂದೇ ಸಲ ಕೊಡವಿದೆ. ಆರೋಗ್ಯವಂತ ದುಂಡು ಕುಂಚವಾದರೆ ತಾನಾಗಿಯೇ ಮೊನೆಗೂಡುತ್ತದೆ. ಆಮೇಲೆ ಒಂದು ಅದ್ದಿಗೆ ಹತ್ತು ಗೆರೆ. ಮೊದಲನೆಯದೂ ಹತ್ತನೆಯದೂ ಒಂದೇ ದಪ್ಪ ಬಂದರೆ ಪಾಸು.

ಪಾಸಾದವು 14. ಹೊಟ್ಟೆ, ಅಂದರೆ ಕೂದಲಿನ ನಡುಭಾಗ, ಗಟ್ಟಿಯಾಗಿದ್ದು ತುದಿ ಬಾಗಿದ, ಸವೆದ ಅಥವಾ ಸೀಳಿದ ಕುಂಚಗಳು 19. ಅಕ್ರಿಲಿಕ್ ಬಣ್ಣ ಒಣಗಿ ಪೊರಕೆಯಂತೆ ಕೆದರಿಕೊಂಡವು 21. ಕೊರಳು, ಅಂದರೆ ಕೂದಲನ್ನು ಹಿಡಿದಿರುವ ತಗಡಿನ ಕೊಳವೆ, ಸಡಿಲವಾದವು ಮತ್ತು ಕೂದಲು ಉದುರಿಸುತ್ತಿದ್ದವು 7.

ತುದಿ ಏಕೆ ಸವೆಯಿತು ಎಂಬುದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಒರಟು ಮೈಯ ಕಾಗದ ಕೂದಲಿನ ಪಾಲಿಗೆ ಮರಳು ಕಾಗದವೇ. ಅದಕ್ಕಿಂತ ದೊಡ್ಡ ಪಾಪ ನನ್ನದು: ಒಣಗಿದ ಜಲವರ್ಣದ ಬಿಲ್ಲೆಯನ್ನು ಅದೇ ಸೂಕ್ಷ್ಮ ಕುಂಚದ ತುದಿಯಿಂದ ತಿಕ್ಕಿ ತಿಕ್ಕಿ ಬಣ್ಣ ಎಬ್ಬಿಸುತ್ತಿದ್ದೆ. ಆ ಕೆಲಸಕ್ಕೆ ಸತ್ತ ಕುಂಚ ಸಾಕಾಗಿತ್ತು. 47 ಸತ್ತವು ಮನೆಯಲ್ಲಿರುವಾಗ ಬದುಕಿದ್ದನ್ನೇ ಹಿಡಿದು ಸಾಯಿಸಿದ್ದೇನೆ.

ಜೂನ್ 12

ಚಿಕಿತ್ಸೆ ಶುರು. ಮೊದಲು ಅಂಟುವಾಳ. ರಾತ್ರಿ ನೆನೆಸಿದ ಕಾಯಿಯ ನೊರೆಯಲ್ಲಿ ಜಲವರ್ಣದ ಕುಂಚಗಳನ್ನು ಅಂಗೈಗೆ ಒತ್ತಿ ತಿರುವಿದರೆ ಎಂದೋ ಬಳಸಿದ ನೀಲಿ ಇವತ್ತು ಹೊರಬಂತು. ಒಣಗಿದ ಅಕ್ರಿಲಿಕ್‌ಗೆ ಮಾತ್ರ ಅದು ಏನೂ ಮಾಡಲಿಲ್ಲ, ಮಾಡುವಂತೆಯೂ ಇಲ್ಲ. ಜಲವರ್ಣವನ್ನು ಹಿಡಿದಿಡುವುದು ನೀರಿನಲ್ಲಿ ಮತ್ತೆ ಕರಗುವ ಗೋಂದು. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನ ಪೊರೆಯಾಗುತ್ತದೆ, ಆಮೇಲೆ ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಔಷಧಿ ಅಂಗಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. 21 ಕುಂಚಗಳನ್ನೂ ಒಂದು ಗಾಜಿನ ಲೋಟದಲ್ಲಿ ನಿಲ್ಲಿಸಿ, ಕಿಟಕಿ ತೆರೆದು, ಊಟಕ್ಕೆ ಹೋದೆ. ಅದೇ ತಪ್ಪಾಯಿತು. ಕೂದಲು ಮುಳುಗುವಷ್ಟು ಹಾಕಿದ್ದರೆ ಸಾಕಿತ್ತು, ನಾನು ಹಿಡಿಯವರೆಗೂ ಸುರಿದಿದ್ದೆ. ಬಂದು ನೋಡಿದರೆ ಹಿಡಿಗಳ ಕೆಂಪು ಮೆರುಗು ಬಣ್ಣವೇ ಕರಗಿ ಲೋಟದ ತುಂಬ ರಸ್ನಾ! ಆದರೂ ಕೂದಲಿನ ನಡುವಿನ ಗಟ್ಟಿ ಮೆತ್ತಗಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬುಡದಿಂದ ತುದಿಗೆ ಬಾಚಿದೆ. ಎಂಟು ಎದ್ದು ಕುಳಿತವು. ಹದಿಮೂರು ಏಳಲಿಲ್ಲ.

ಏಳದವುಗಳಲ್ಲಿ ಒಂದರ ಕೊರಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಇದನ್ನು ಪ್ರತಿಯೊಬ್ಬ ಹವ್ಯಾಸಿಯೂ ಒಮ್ಮೆ ಮಾಡಬೇಕು. ಒಳಗೆ, ಕೂದಲಿನ ಬುಡವನ್ನು ಹಿಡಿದ ಅಂಟಿನ ಗುಂಡಿಯ ಮೇಲೆ, ಕೆಮ್ಮಣ್ಣು, ಹಸಿರು, ಬಿಳಿ, ಮತ್ತೆ ಹಸಿರು ಪದರಪದರವಾಗಿ ಕಲ್ಲಾಗಿದ್ದವು. ತುದಿ ಕೆದರುವ ರೋಗದ ಮೂಲ ತುದಿಯಲ್ಲಿಲ್ಲ. ಕೊರಳೊಳಗೆ ಕುಳಿತ ಈ ಕಲ್ಲು ಬೆಣೆಯಂತೆ ಕೂದಲನ್ನು ಹೊರಕ್ಕೆ ತಳ್ಳುತ್ತದೆ. ತುದಿ ಎಷ್ಟು ತೊಳೆದರೇನು, ಕೊರಳವರೆಗೆ ಬಣ್ಣ ಏರುವಂತೆ ಅದ್ದುವ ಚಟವೇ ಅದನ್ನು ಕೊಂದಿರುವುದು.

ಜೂನ್ 13

ಬಾಗಿದ ತುದಿಯವಕ್ಕೆ ಬಿಸಿನೀರು. ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಹತ್ತು ಎಣಿಸುವವರೆಗೆ ಅದ್ದಿ, ಬೆರಳಲ್ಲಿ ತೀಡಿ, ಮಲಗಿಸಿ ಒಣಗಿಸಿದೆ. ಸಿಂಥೆಟಿಕ್ ಎಳೆ ಶಾಖಕ್ಕೆ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ಹತ್ತೊಂಬತ್ತರಲ್ಲಿ ಆರು ನೆಟ್ಟಗಾದವು. ಒಂದರ ಕೊರಳೊಳಗಿನ ಅಂಟು ಮೆತ್ತಗಾಗಿ ಹಿಡಿಯೇ ಕೈಗೆ ಬಂತು. ಸೀಳಿದವೂ ಸವೆದವೂ ಹಾಗೆಯೇ ಉಳಿದವು. ಇಲ್ಲದ ಕೂದಲನ್ನು ಬಿಸಿನೀರು ಎಲ್ಲಿಂದ ತರಬೇಕು?

ಜೂನ್ 16

ಪಾಸಾದ 14ರಲ್ಲಿ ಒಂದರ ಬಗ್ಗೆ ಮೊದಲೇ ಅನುಮಾನವಿತ್ತು. ಬಹಳ ಹಿಂದೆ ಯಾವುದೋ ಅಂಗಡಿಯಲ್ಲಿ ಕೊಂಡದ್ದು, ಹಿಡಿಯ ಮೇಲೆ ಹೆಸರಿಲ್ಲ. ಕೂದಲಿನ ತುದಿ ಕಪ್ಪು, ನಡುವೆ ಕೆನೆ ಬಣ್ಣದ ಪಟ್ಟಿ. ಮುಂಗುಸಿಯ ಕೂದಲು ಹೀಗೆಯೇ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಂಗುಸಿಯನ್ನು ರಕ್ಷಿಸುತ್ತದೆ, ಅದರ ಕೂದಲಿನ ವ್ಯಾಪಾರ ಅಪರಾಧ. 'ಒಂಟೆ ಕೂದಲು' ಎಂದು ಮಾರುವ ಕುಂಚದಲ್ಲಿ ಒಂಟೆ ಇರುವುದಿಲ್ಲ, ಅಳಿಲೋ ಮೇಕೆಯೋ ಕುದುರೆಯೋ ಇರುತ್ತದೆ ಎಂಬುದು ನಮಗೆಲ್ಲ ತಮಾಷೆಯ ವಿಷಯ. ಇದು ತಮಾಷೆಯಲ್ಲ. ಅರವತ್ತೊಂದರಲ್ಲಿ ಅತ್ಯಂತ ಚೂಪಾದ ಮೊನೆ ಇದರದೇ ಎಂಬುದು ಇನ್ನೂ ಕಿರಿಕಿರಿ. ಕಾಗದದಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ, ಅದರಿಂದ ಬರೆಯುವುದಿಲ್ಲ.

ಜೂನ್ 20

ನಮ್ಮ ಬಡಾವಣೆಯ ಬೋರ್ಡ್ ಬರೆಯುವವರ ಹತ್ತಿರ ಹೋಗಿದ್ದೆ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಲಾರಿಯ ಹಿಂಭಾಗ, ಶಾಲೆಯ ಗೋಡೆ ಅಷ್ಟೇ ಉಳಿದಿದೆ. ನನ್ನ ಸವೆದ ಚಪ್ಪಟೆ ಕುಂಚಗಳನ್ನು ಒಂದೊಂದಾಗಿ ಬೆರಳಿಗೆ ಒತ್ತಿ ನೋಡಿ ಎರಡನ್ನು ಪಕ್ಕಕ್ಕಿಟ್ಟರು.

"ಇವನ್ನು ಎಸೆಯುತ್ತೀರಾ ಮೇಷ್ಟ್ರೇ? ಇವು ಈಗ ತಾನೇ ಪಳಗಿವೆ. ಹೊಸ ಬ್ರಷ್ ಅಕ್ಷರದ ತಿರುವಿನಲ್ಲಿ ಮಾತು ಕೇಳುವುದಿಲ್ಲ."

ಅವರ ಸ್ವಂತ ಕುಂಚ ಒಂದು ಮೂಲೆಯಲ್ಲಿ ಓರೆಯಾಗಿ ಸವೆದಿದೆ, 'ಕ'ಕಾರದ ಹೊಟ್ಟೆ ಎಳೆದು ಎಳೆದು. ಬೇರೆ ಯಾರಿಗೂ ಕೊಡುವುದಿಲ್ಲವಂತೆ. ಎನಾಮಲ್ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂದಲಿಗೆ ಎಂಜಿನ್ ಆಯಿಲ್ ಸವರಿ, ಚಪ್ಪಟೆಯಾಗಿ ಮಲಗಿಸುತ್ತಾರೆ. ನಾವೋ ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಚಹಾ ಕುಡಿಯಲು ಹೋಗುವವರು. ತುದಿ ಬಾಗುತ್ತದೆ, ಹಿಡಿಯ ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗಿದಾಗ ಕೊರಳು ಲೊಟಲೊಟ ಎನ್ನುತ್ತದೆ. ಸಡಿಲ ಕೊರಳಿನವು ಹೇಗೆ ಹುಟ್ಟಿದವು ಎಂಬುದೂ ಗೊತ್ತಾಯಿತು. ಅವುಗಳಲ್ಲಿ ಮೂರನ್ನೂ ಬಿಸಿನೀರಿಗೆ ಕಳಚಿದ್ದನ್ನೂ ಎಪಾಕ್ಸಿ ಅಂಟು ಹಾಕಿ ಕೂರಿಸಿದೆ. ಕೂದಲು ಉದುರುವ ನಾಲ್ಕಕ್ಕೆ ಮದ್ದಿಲ್ಲ.

ಜೂನ್ 21

ಸತ್ತ ಕುಂಚಗಳಿಂದಲೇ ಒಂದು ಇಡೀ ಚಿತ್ರ ಬರೆಯುವ ಹಟ. ಅದೇ ಕೆರೆ, ದಡದ ಜೊಂಡು, ಹಿಂದೆ ಮಳೆಮರ. ಏಳದೆ ಉಳಿದ ಅಕ್ರಿಲಿಕ್ ಕುಂಚಗಳಲ್ಲಿ ನಾಲ್ಕನ್ನು ಬಾಚಣಿಗೆಯ ಹಲ್ಲಿನಂತೆ ಕತ್ತರಿಸಿದೆ. ಜೊಂಡು ಅದ್ಭುತವಾಗಿ ಬಂತು, ಒಂದು ಎಳೆತಕ್ಕೆ ಆರೇಳು ಗರಿ. ಮರ ಮಾತ್ರ ಕೆಟ್ಟಿತು. ಕೆದರಿದ ಕುಂಚದಿಂದ ಎಲೆ ಒತ್ತುತ್ತ ಹೋದೆ, ದೂರ ನಿಂತು ನೋಡಿದರೆ ಗೋಡೆಗೆ ರಬ್ಬರ್ ಮೊಹರು ಹೊಡೆದ ಹಾಗಿತ್ತು. ಪ್ರತಿ ಕೆದರಿದ ಕುಂಚಕ್ಕೂ ತನ್ನದೇ ಹೆಬ್ಬೆಟ್ಟಿನ ಗುರುತಿದೆ, ಕೈ ತಿರುಗಿಸದೆ ಒತ್ತಿದರೆ ಅದನ್ನೇ ನೂರು ಸಲ ಒತ್ತುತ್ತದೆ. ಎರಡನೆಯ ಹಾಳೆಯಲ್ಲಿ ಪ್ರತಿ ಒತ್ತಿಗೂ ಹಿಡಿಯನ್ನು ಬೆರಳಲ್ಲಿ ಉರುಳಿಸಿದೆ, ಬಣ್ಣವನ್ನು ಬಟ್ಟೆಗೆ ಒರೆಸಿ ಅರೆ ಒಣಗಿಸಿದೆ, ಮೂರು ಕುಂಚ ಬದಲಿಸಿದೆ. ಆಗ ಮರ ಉಸಿರಾಡಿತು. ಬೆಳ್ಳಕ್ಕಿಗೆ ಬಿಳಿ ಉಳಿಸಲು ಹಚ್ಚುವ ಮಾಸ್ಕಿಂಗ್ ದ್ರವಕ್ಕೂ ಸತ್ತದ್ದೇ ಬೇಕು. ಮೊದಲು ಸೋಪಿನಲ್ಲಿ ಅದ್ದಿಕೊಂಡರೆ ರಬ್ಬರು ಕೂದಲಿಗೆ ಕಚ್ಚುವುದಿಲ್ಲ.

ಜೂನ್ 24

ಇಡ್ಲಿ ತಟ್ಟೆಗೆ ಎಣ್ಣೆ ಸವರಲು ಒಂದು ಕೊಡಿ ಎಂದು ಹೆಂಡತಿ ಕೇಳಿದಳು. ಕೊಡಲಿಲ್ಲ. ಕ್ಯಾಡ್ಮಿಯಂ ಹಳದಿ, ಕೋಬಾಲ್ಟ್ ನೀಲಿ ಕುಡಿದು ಬೆಳೆದ ಕುಂಚ ಎಷ್ಟು ತೊಳೆದರೂ ಅಡುಗೆಮನೆಗೆ ಹೋಗಬಾರದು. "ಎಸೆಯುವುದೂ ಇಲ್ಲ, ಕೊಡುವುದೂ ಇಲ್ಲ" ಎಂದಳು. ಪೇಟೆಗೆ ಹೋಗಿ ಅವಳಿಗೊಂದು ಅಡುಗೆಯ ಬ್ರಷ್, ನನಗೊಂದು 2ನೇ ನಂಬರು ತಂದೆ.

ಜೂನ್ 28

ಈಗಿನ ಲೆಕ್ಕ: ಒಳ್ಳೆಯ ಬಾಟಲಿಯಲ್ಲಿ 19, ಒರಟು ಕೆಲಸದ ಡಬ್ಬದಲ್ಲಿ 28, ಕಾಗದದಲ್ಲಿ ಸುತ್ತಿಟ್ಟದ್ದು 1. ಐದರ ಕೂದಲು ಕಿತ್ತು ಹಿಡಿ ಮಾತ್ರ ಇಟ್ಟುಕೊಂಡೆ. ಹಿಂತುದಿಯನ್ನು ಚೂಪಾಗಿ ಕೆತ್ತಿದರೆ ಹಸಿ ಬಣ್ಣದಲ್ಲಿ ಗೀರಲು ಬರುತ್ತದೆ. ಕಸಕ್ಕೆ ಹೋದವು 8. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ.

ಒರಟು ಡಬ್ಬದ 28ಕ್ಕೂ ಹಿಡಿಯ ಬುಡದಲ್ಲಿ ಕೆಂಪು ದಾರ ಕಟ್ಟಿದೆ, ಅವಸರದಲ್ಲಿ ಕೈ ತಪ್ಪಬಾರದೆಂದು. ಹೊಸ 2ನೇ ನಂಬರಿಗೆ ದಾರವಿಲ್ಲ. ತುದಿಗೆ ಗೋಂದು ಹಾಕಿ ಕಾರ್ಖಾನೆಯವರು ಕೂರಿಸಿದ ಮೊನೆಯನ್ನು ಇವತ್ತು ಬೆಳಿಗ್ಗೆ ನೀರಿನಲ್ಲಿ ಬಿಡಿಸಿ ಕೆರೆಗೆ ಒಯ್ದೆ. ಬೆಳ್ಳಕ್ಕಿ ಬಂದಿರಲಿಲ್ಲ. ನೀರುಕಾಗೆಯೊಂದು ರೆಕ್ಕೆ ಹರಡಿ ಕುಳಿತಿತ್ತು, ಅದರ ಕಾಲು ಕಾಣುವುದೇ ಇಲ್ಲ.