ದುಡ್ಡು ಉಳಿಯುತ್ತಾ ಅಂತ ಕೇಳುವವರಿಗೆ

ಇಲ್ಲ. ಕೌದಿಯಲ್ಲಿ ಉಳಿಯಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಕೌದಿ (ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ), ದಿಂಬಿನ ಕವರು, ಪರದೆ, ಮಕ್ಕಳ ಬಟ್ಟೆ ಮನೆಯಲ್ಲೇ ಹೊಲಿಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ: "ಅಂಗಡೀಲಿ ತಗೊಳ್ಳೋದಕ್ಕಿಂತ ಕಮ್ಮಿಗೆ ಬೀಳುತ್ತಾ?" ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸುತ್ತಾರೆ. "ಹಳೇ ಸೀರೆ ತಾನೆ, ಬಟ್ಟೆ ಖರ್ಚಂತೂ ಇಲ್ಲ." "ಬರೀ ನೇರ ಹೊಲಿಗೆ, ಅಲ್ವಾ?" ಕೊನೆಗೆ, "ನಮಗೂ ಒಂದು ಹೊಲಿದುಕೊಡಿ ಆಂಟಿ, ಹೇಗೂ ಮನೇಲೇ ಇರ್ತೀರಲ್ಲ."

ಬೆಲೆ ಕೇಳುವುದರಲ್ಲಿ ತಪ್ಪಿಲ್ಲ. ಬರೀ ನೇರ ಹೊಲಿಗೆ ಅನ್ನುತ್ತೀರಲ್ಲ, ಅದರ ಲೆಕ್ಕ ಒಮ್ಮೆ ನೋಡಿಬಿಡೋಣ.

ಡಬಲ್ ಕಾಟ್ ಕೌದಿ ಅಂದರೆ 90 ಇಂಚು ಅಗಲ, 100 ಇಂಚು ಉದ್ದ. ಸಾಲಿಗೂ ಸಾಲಿಗೂ ಒಂದಿಂಚು ಬಿಟ್ಟರೆ 90 ಸಾಲು. ಇಂಚಿಗೆ ಮೂರು ಹೊಲಿಗೆಯಂತೆ ಒಂದು ಸಾಲಿಗೆ 300 ಹೊಲಿಗೆ, ಒಟ್ಟು 27,000. ಕೈ ಪಳಗಿದವರು ನಿಮಿಷಕ್ಕೆ ಹನ್ನೆರಡು ಹಾಕುತ್ತಾರೆ ಅಂದುಕೊಂಡರೂ ಸಾಲಿಗೆ 25 ನಿಮಿಷ, ಎಲ್ಲ ಸೇರಿ ಮೂವತ್ತೇಳೂವರೆ ಗಂಟೆ. ಸೀರೆ ಒಗೆದು ಇಸ್ತ್ರಿ ಮಾಡುವುದು, ಕತ್ತರಿಸಿ ಜೋಡಿಸುವುದು, ಪದರ ಸರಿಯದ ಹಾಗೆ ತಾತ್ಕಾಲಿಕವಾಗಿ ಕಚ್ಚಾ ಹೊಲಿಗೆ ಹಾಕುವುದು, ಅಂಚು ಕಟ್ಟುವುದು, ಇವಕ್ಕೆ ಇನ್ನೊಂದು ಹನ್ನೆರಡು ಗಂಟೆ. ಸುಮಾರು 50 ಗಂಟೆ ಆಯಿತು. ಗಂಟೆಗೆ 100 ರೂಪಾಯಿ ಅಂದರೂ 5,000. ಬೆಂಗಳೂರಲ್ಲಿ 100 ರೂಪಾಯಿಗೆ ಯಾವ ಪ್ಲಂಬರೂ ಗೇಟಿನೊಳಗೆ ಕಾಲಿಡಲ್ಲ ಅನ್ನೋದು ಬೇರೆ ಮಾತು. ಅಂಗಡಿಯ ಪಾಲಿಯೆಸ್ಟರ್ ರಜಾಯಿ ಇದರ ಕಾಲು ಭಾಗಕ್ಕೆ ಸಿಗುತ್ತೆ. ದುಡ್ಡೇ ಮುಖ್ಯ ಅಂದರೆ ದಯವಿಟ್ಟು ಅದನ್ನೇ ತಗೊಳ್ಳಿ, ಬೆಚ್ಚಗೂ ಇರುತ್ತೆ.

ಬಟ್ಟೆ ಖರ್ಚಿಲ್ಲ ಅನ್ನುವವರಿಗೆ ಇನ್ನೊಂದು ಲೆಕ್ಕ. ಐದೂವರೆ ಮೀಟರಿನ ಹತ್ತಿ ಸೀರೆ 216 ಇಂಚು ಉದ್ದ, ಹತ್ತಿರ ಹತ್ತಿರ 46 ಇಂಚು ಅಗಲ ಬರುತ್ತೆ. ಅಡ್ಡಕ್ಕೆ ಎರಡು ತುಂಡು ಮಾಡಿ ಪಕ್ಕಪಕ್ಕ ಜೋಡಿಸಿದರೆ ಡಬಲ್ ಕೌದಿಯ ಒಂದು ಪದರ. ಅಂದರೆ ಪದರಕ್ಕೊಂದು ಸೀರೆ. ಬೆಂಗಳೂರಿನ ಹವಾಗೆ ಮೂರು ಪದರ ವರ್ಷವಿಡೀ ಸಾಕು, ಡಿಸೆಂಬರ್-ಜನವರಿಗೆ ಐದು. ಐದು ಸೀರೆಯೂ ನಿಮ್ಮ ಬೀರುವಿನಲ್ಲಿ ಇರಬಹುದು, ಐದೂ ಕೌದಿಗೆ ಆಗುತ್ತವೆ ಅಂತ ಮಾತ್ರ ಅಂದುಕೊಳ್ಳಬೇಡಿ. ಪಾಲಿಯೆಸ್ಟರ್, ಜಾರ್ಜೆಟ್ ಬೇಡ: ಪದರದೊಳಗೆ ಜಾರುತ್ತವೆ, ಹೊದ್ದರೆ ಬೆವರು. ಹಳೇ ರೇಷ್ಮೆ ಮಡಿಕೆ ಬಿದ್ದ ಕಡೆಯೆಲ್ಲ ಸೀಳುತ್ತೆ, ಸೂಜಿ ಆಡಿದರೆ ಇನ್ನೂ ಬೇಗ. ಜರಿ ಅಂಚು ಮೈಗೆ ಚುಚ್ಚುತ್ತೆ, ಹೊಲಿಗೆಯ ದಾರವನ್ನೂ ತಿನ್ನುತ್ತೆ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರುತ್ತೆ, ಸೆರಗನ್ನು ಬಿಡಿಸಿ ಬೇರೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕೆಟ್ಟದ್ದು ಹಳೇ ಸೀರೆಗಳ ನಡುವೆ ಒಂದೇ ಒಂದು ಹೊಸ ಬಟ್ಟೆ. ಹೊಸ ಹತ್ತಿ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತೆ, ಎಂದರೆ 100 ಇಂಚಿಗೆ ಮೂರರಿಂದ ಐದು ಇಂಚು. ನೂರಾರು ಒಗೆತ ಕಂಡ ಹಳೆಯದು ಕುಗ್ಗಲ್ಲ. ಎರಡನ್ನೂ ಸೇರಿಸಿ ಹೊಲಿದಿದ್ದರೆ ಹಳೆಯದು ಗಂಟುಗಂಟಾಗಿ ಉಬ್ಬಿ, ಹೊಲಿಗೆಯ ತೂತಿನಲ್ಲೇ ಹರಿಯಲು ಶುರುವಾಗುತ್ತೆ. ಹೊಸದನ್ನು ಹಾಕಲೇಬೇಕಿದ್ದರೆ ರಾತ್ರಿಯಿಡೀ ನೆನೆಸಿ, ಒಗೆದು, ಒಣಗಿಸಿ, ಇದನ್ನೇ ಎರಡು ಮೂರು ಸಲ ಮಾಡಿದ ಮೇಲೆ ಕತ್ತರಿ ಹಾಕಿ.

ಬಣ್ಣ ಬಿಡುತ್ತಾ ಅಂತ ನೋಡುವುದು ಸುಲಭ. ಒದ್ದೆ ಬಿಳಿ ಬಟ್ಟೆಯನ್ನು ಸೀರೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿತೋ, ಆ ಸೀರೆ ಕೌದಿಗೆ ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ಹೇಳಲು ಬರಬೇಡಿ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ, ಬಣ್ಣ ಹಾಕಿ ಮುಗಿದ ಬಟ್ಟೆಗೆ ಅದು ಏನೂ ಮಾಡಲ್ಲ.

ಈಗ ಹೊಲಿಗೆ. ಹಾಲಿನ ಸೋಫಾ, ಟೀಪಾಯಿ ಎಲ್ಲ ಗೋಡೆಗೆ ಸರಿಸಿ ಎಂಟು ಅಡಿಗೆ ಒಂಬತ್ತು ಅಡಿ ನೆಲ ಖಾಲಿ ಮಾಡಿಕೊಳ್ಳಿ. ಎಲ್ಲ ಪದರದಲ್ಲೂ ಜೋಡು ನಡುಮಧ್ಯಕ್ಕೆ ಬಂದರೆ ಹಾಸಿಗೆಯ ಮಧ್ಯೆ ಉದ್ದಕ್ಕೂ ಏಣು ಏಳುತ್ತೆ. ಅದಕ್ಕೇ ಒಂದು ಪದರ 46 ಮತ್ತು 46 ಇಂಚಿನದಾದರೆ, ಮುಂದಿನದರಲ್ಲಿ ಒಂದು ತುಂಡನ್ನು ಉದ್ದಕ್ಕೆ ಸೀಳಿ 23, 46, 23 ಮಾಡಿ. ಅಡಿಯ ಸೀರೆಯನ್ನು ಚೆಂದದ ಮಗ್ಗುಲು ಕೆಳಗೆ ಮಾಡಿ ಹಾಸಿ, ನಾಲ್ಕು ಮೂಲೆಗೂ ಟೇಪ್ ಅಂಟಿಸಿ ಬಿಗಿ ಮಾಡಿ. ಒಂದೊಂದು ಪದರವನ್ನೂ ಮಧ್ಯದಿಂದ ಅಂಚಿಗೆ ಅಂಗೈಯಲ್ಲಿ ಸವರಿ. ಆಮೇಲೆ ಕಚ್ಚಾ ಹೊಲಿಗೆ. ಮೊದಲು ಮಧ್ಯದಿಂದ ನಾಲ್ಕು ದಿಕ್ಕಿಗೆ, ಆಮೇಲೆ ನಾಲ್ಕು ಮೂಲೆಗೆ, ಆಮೇಲೆ ನಾಲ್ಕಿಂಚಿಗೊಂದು ಸಾಲು. ಬೇಸರದ ಕೆಲಸ ನಿಜ. ಆದರೆ ಕೌದಿ ಕೆಡುವುದಿದ್ದರೆ ಕೆಡುವುದು ಇಲ್ಲೇ. ಪಿನ್ನು ಚುಚ್ಚಿ ಪಾರಾಗುತ್ತೇನೆ ಅಂದರೆ ಮೂವತ್ತನೇ ಸಾಲಿಗೆ ಬರುವಷ್ಟರಲ್ಲಿ ಅಡಿಯ ಪದರ ಮಡಿಕೆ ಬಿದ್ದಿರುತ್ತೆ. ಮೇಲಿನಿಂದ ಕಾಣಲ್ಲ, ತಿರುಗಿಸಿದಾಗ ಗೊತ್ತಾಗುತ್ತೆ.

ಸೂಜಿಗೆ ದಬ್ಬಳ ಹಿಡಿಯುವವರಿದ್ದಾರೆ. ಅದು ಗೋಣಿಚೀಲಕ್ಕೆ. ಹಳೇ ಸೀರೆಯಲ್ಲಿ ದಬ್ಬಳ ಮಾಡಿದ ತೂತು ಮುಚ್ಚಲ್ಲ, ಎಳೆಗಳನ್ನು ಸರಿಸುವ ಬದಲು ಕಡಿಯುತ್ತೆ. ಐದು ಅಥವಾ ಆರನೇ ನಂಬರಿನ ಕಸೂತಿ ಸೂಜಿ, ಎಂಟನೇ ನಂಬರಿನ ಪರ್ಲ್ ಕಾಟನ್ ದಾರ ಸಾಕು. ಇದರ 10 ಗ್ರಾಂ ಉಂಡೆಯಲ್ಲಿ 80 ಮೀಟರಿನಷ್ಟು ದಾರ ಇರುತ್ತೆ. 90 ಸಾಲಿನ ಉದ್ದ 229 ಮೀಟರ್, ಹೊಲಿಗೆ ಏರಿಳಿಯುವುದಕ್ಕೂ ತುದಿಗಳಿಗೂ ಕಾಲು ಭಾಗ ಸೇರಿಸಿದರೆ 286, ಹಾಗಾಗಿ ನಾಲ್ಕು ಉಂಡೆ. ನಾಲ್ಕನ್ನೂ ಒಟ್ಟಿಗೇ ತನ್ನಿ. ಚಿಕ್ಕಪೇಟೆಗೆ ಎರಡನೇ ಸಲ ಹೋದಾಗ ಅದೇ ಬಣ್ಣ ಸಿಕ್ಕರೂ ಛಾಯೆ ಒಂದು ಗುಂಜಿ ಆಚೀಚೆ ಇರುತ್ತೆ.

ಒಂದು ಸಲಕ್ಕೆ ಎರಡೂವರೆ ಅಡಿಗಿಂತ ಉದ್ದ ದಾರ ಪೋಣಿಸಬೇಡಿ. ಉದ್ದವಾದಷ್ಟೂ ಪ್ರತಿ ಇಂಚೂ ಬಟ್ಟೆಯೊಳಗಿಂದ ಹೆಚ್ಚು ಸಲ ಹಾದು ಸವೆಯುತ್ತೆ, ಕೊನೆಯ ಅಡಿಯಲ್ಲಿ ನಾರು ಬಿಟ್ಟುಕೊಂಡು ಗಂಟಾಗುತ್ತೆ. ದಾರದ ತುದಿಗೆ ಹಾಕಿದ ಗಂಟನ್ನು ಮೇಲಿನ ಪದರದೊಳಕ್ಕೆ ಚಿಟ್ ಅಂತ ಎಳೆದು ಅಡಗಿಸಿ, ಮೇಲೆ ಬಿಟ್ಟರೆ ಒಗೆದಾಗ ಕಿತ್ತು ಬರುತ್ತೆ. ಐದಾರು ಹೊಲಿಗೆಯನ್ನು ಒಟ್ಟಿಗೆ ಸೂಜಿಗೆ ಏರಿಸಿ, ಎಳೆದು, ಹೆಬ್ಬೆರಳಲ್ಲಿ ಒಮ್ಮೆ ಸವರಿ ಬಟ್ಟೆ ಚಪ್ಪಟೆಯಾಗಲು ಬಿಡಿ. ಇದೊಂದು ಸವರುವಿಕೆ ಬಿಟ್ಟವರ ಕೌದಿ 100 ಇಂಚಿಗೆ ಶುರುವಾಗಿ 95ಕ್ಕೆ ಮುಗಿಯುತ್ತೆ.

ಅಂಚಿಗೆ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ್ದು) ಬೇಕಿಲ್ಲ, ಅದು ಕತ್ತು-ತೋಳಿನಂಥ ದುಂಡಿಗೆ. ನೇರ ಅಂಚಿಗೆ ನೇರ ಪಟ್ಟಿ, ಎರಡೂವರೆ ಇಂಚು ಅಗಲ. ಸುತ್ತಳತೆ 380 ಇಂಚು, ಮೂಲೆಗೂ ಜೋಡಿಗೂ ಸೇರಿ 395 ಇಟ್ಟುಕೊಳ್ಳಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ದಾರಿಯೇ ಬೇರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಬರುತ್ತಾರೆ, ತುಂಡು ಬಟ್ಟೆಗಳನ್ನು ಅಂಚು ಮಡಿಸಿ ಹೋಗ್ತಾ ಹೋಗ್ತಾ ಇಡುತ್ತಾರೆ, ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂ ಸಿಕ್ಕಿಸುತ್ತಾರೆ. ಕೈ ಪಳಗದವರು ಹಾಗೆ ಹೊಲಿದರೆ ಸಡಿಲವೆಲ್ಲ ಮಧ್ಯಕ್ಕೆ ಬಂದು ಬುಗ್ಗೆ ನಿಲ್ಲುತ್ತೆ. ನೋಡಲು ಸುಲಭ ಅಂತ ಮೊದಲ ಕೌದಿಗೇ ಅದಕ್ಕೆ ಕೈ ಹಾಕಬೇಡಿ.

"ಮೆಷಿನ್ನಲ್ಲಿ ಹೊಡೆದುಬಿಡಬಹುದಲ್ಲ?" ಹೊಡೆಯಬಹುದು. ಮೆಷಿನ್ನಿನ ಹಲ್ಲು ಅಡಿಯ ಪದರವನ್ನು ಮುಂದಕ್ಕೆ ತಳ್ಳುತ್ತೆ, ಮೇಲಿನದನ್ನು ಪಾದ ಒತ್ತಿ ಹಿಡಿದಿರುತ್ತೆ. ನೂರು ಇಂಚು ಓಡುವಷ್ಟರಲ್ಲಿ ಮೇಲಿನ ಸೀರೆ ಎರಡು ಬೆರಳು ಮುಂದೆ ಚಾಚಿಕೊಂಡಿರುತ್ತೆ. ಮೇಲಿನ ಪದರವನ್ನೂ ಜೊತೆಗೇ ಮುಂದಕ್ಕೆ ನಡೆಸುವ ವಾಕಿಂಗ್ ಫುಟ್ ಹಾಕಿ, ಪಾದದ ಒತ್ತಡ ಇಳಿಸಿ, 16ನೇ ನಂಬರಿನ ಸೂಜಿಗೆ ಬದಲಾಯಿಸಿ. ಒಂದು ಸಾಲು ಎಡದಿಂದ, ಪಕ್ಕದ್ದು ಬಲದಿಂದ ಹೊಲಿದರೆ ಸಾಲುಗಳ ನಡುವೆ ಓರೆ ಸುಕ್ಕು ಖಂಡಿತ, ಎಲ್ಲವನ್ನೂ ಒಂದೇ ದಿಕ್ಕಿನಿಂದ ಹೊಲಿಯಿರಿ. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಮೆಷಿನ್ನನ್ನು ಬೈಯುವ ಮೊದಲು ಸೂಜಿ ಬದಲಿಸಿ. ಹತ್ತಕ್ಕೆ ಎಂಟು ಸಲ ಅದೇ.

ದುಡ್ಡು ನಿಜವಾಗಲೂ ಉಳಿಯುವ ಕಡೆ ಯಾರೂ ಕೇಳಲ್ಲ. ದಿಂಬಿನ ಕವರು ನೋಡಿ. 17ಕ್ಕೆ 27 ಇಂಚಿನ ದಿಂಬಿಗೆ ಕವರು 18ಕ್ಕೆ 28 ಇರಬೇಕು. ಮುಂದೆ 28, ಹಿಂದೆ 28, ಒಳಗೆ ಮಡಚುವ ಕಿಸೆ 6, ಎರಡು ಅಂಚಿಗೆ ಒಂದೊಂದು ಇಂಚು, ಒಟ್ಟು 64 ಉದ್ದ. ಅಗಲ ಮಾರ್ಜಿನ್ ಸೇರಿ ಹತ್ತೊಂಬತ್ತೂವರೆ. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಪಕ್ಕಪಕ್ಕ ಎರಡು ಕೂರುತ್ತವೆ, ಹಾಗಾಗಿ ಒಂದೂಮುಕ್ಕಾಲು ಮೀಟರಿಗೆ ಜೋಡಿ. ಗುಂಡಿ ಇಲ್ಲ, ಜಿಪ್ ಇಲ್ಲ, ಒಂದು ಗಂಟೆಯ ಕೆಲಸ. ಪರದೆಯೂ ಹಾಗೇ: ಕಿಟಕಿಯ ಅಗಲದ ಎರಡರಷ್ಟು ಬಟ್ಟೆ, ಕೆಳಗೆ ನಾಲ್ಕಿಂಚು ಮಡಿಕೆ. ಕೆಳಗಿನ ಅಂಚು ಮಾತ್ರ ಒಂದು ವಾರ ನೇತುಹಾಕಿದ ಮೇಲೆ ಹೊಲಿಯಿರಿ, ತನ್ನ ಭಾರಕ್ಕೆ ಬಟ್ಟೆ ಇಳಿಯುತ್ತೆ. ಮಗುವಿನ ಜಬಲಾ ಹೊಲಿದರೆ ಹೊಲಿಗೆಯ ಅಂಚು ಹೊರಗೆ ಬರಲಿ, ಎಳೆಯ ಮೈಗೆ ಒತ್ತಬಾರದು. ಕುಲಾವಿಗೂ ಅಷ್ಟೇ. ಬ್ಲೌಸು ಟೈಲರಿಗೆ ಕೊಡಿ. ಅಲ್ಲಿ ಹೆಮ್ಮೆ ಬೇಡ.

ಇಷ್ಟೆಲ್ಲ ಕೇಳುವವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಹರಿದರೆ ಏನು ಮಾಡುತ್ತೀರಿ? ಅಂಗಡಿಯ ರಜಾಯಿ ಹರಿದರೆ ಒಳಗೆ ತುಂಬಿದ್ದು ಉಂಡೆಗಟ್ಟಿ ಮೂಲೆಗೆ ಬೀಳುತ್ತೆ, ಅಲ್ಲಿಗೆ ಮುಗಿಯಿತು. ಕೌದಿ ಮೊದಲು ಸವೆಯುವುದು ತಲೆಯ ಕಡೆಯ ಅಂಚು, ರಾತ್ರಿಯಿಡೀ ಕೈ ಹಿಡಿದೆಳೆಯುವುದು, ತಲೆಯ ಎಣ್ಣೆ ತಾಗುವುದು ಅಲ್ಲೇ. ಪಟ್ಟಿ ಪೂರ್ತಿ ಬಿಚ್ಚಬೇಡಿ. ಸವೆದದ್ದರ ಮೇಲೇ ಹೊಸ ಪಟ್ಟಿ ಮಡಚಿ ಹೊಲಿಯಿರಿ. ಮೈ ಹರಿದಿದ್ದರೆ ತೂತಿಗಿಂತ ಎಲ್ಲ ಕಡೆ ಎರಡಿಂಚು ದೊಡ್ಡ ತೇಪೆ ಕತ್ತರಿಸಿ, ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಹಳೇ ಸಾಲುಗಳ ಮೇಲೇ ಅಡಿತನಕ ಸೂಜಿ ಇಳಿಸಿ. ಬರೀ ಮೇಲಿನ ಪದರಕ್ಕೆ ಅಂಟಿಸಿದ ತೇಪೆ ಮುಂದಿನ ಒಗೆತಕ್ಕೆ ಅಕ್ಕಪಕ್ಕದ ಬಟ್ಟೆಯನ್ನೂ ಹರಿದುಕೊಂಡು ಬರುತ್ತೆ. ತೇಪೆಯೂ ಹಳೇ ಬಟ್ಟೆಯದೇ ಆಗಿರಲಿ, ಕಾರಣ ಮೇಲೆ ಹೇಳಿದ್ದೇ.

ಮೇಲಿನ ಪದರ ಪೂರ್ತಿ ಹೋದರೆ ಅದರ ಮೇಲೊಂದು, ಕೆಳಗೊಂದು ಸೀರೆ ಹಾಸಿ ಮತ್ತೆ ಹೊಲಿಯುವುದು. ಹಳೇ ಕೌದಿಯೇ ಹೊಸದರ ಒಳಪದರ. ಹೀಗೆ ಒಂದು ಸಲ ಮಾಡಬಹುದು. ಐದು ಪದರದ ಕೌದಿ ಎರಡನೇ ಸಲಕ್ಕೆ ಒಂಬತ್ತು ಪದರ ಆಗುತ್ತೆ, ಸೀರೆಗೆ ಅರ್ಧ ಕಿಲೋ ಅಂದರೂ ಒಣಗಿದ್ದಾಗಲೇ ನಾಲ್ಕೂವರೆ ಕಿಲೋ. ನೆಂದರೆ ಮನೆಯ ವಾಷಿಂಗ್ ಮೆಷಿನ್ನು ತಿರುಗಿಸಲಾರದೆ ಗಡಗಡ ಅನ್ನುತ್ತೆ. ಆ ಹಂತಕ್ಕೆ ಬಂದದ್ದನ್ನು ಅಡ್ಡಕ್ಕೆ ಎರಡು ಮಾಡಿ, ಅಂಚು ಕಟ್ಟಿ, ಕೆಳಗೆ ಹಾಸಲು ಇಟ್ಟುಕೊಳ್ಳಿ.

ಒಗೆಯುವುದು ಫೆಬ್ರವರಿಯಿಂದ ಮೇ ಒಳಗೆ. ತಣ್ಣೀರು, ಕಡಿಮೆ ಸೋಪು. ಒಂದೇ ಹಗ್ಗಕ್ಕೆ ಮಡಚಿ ನೇತುಹಾಕಿದರೆ ಮಡಿಕೆಯೊಳಗೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತೆ. ಒಂದಡಿ ಅಂತರದ ಎರಡು ಹಗ್ಗಗಳ ಮೇಲೆ ಚಪ್ಪರದ ಹಾಗೆ ಹಾಸಿ, ಮಧ್ಯಾಹ್ನ ಒಮ್ಮೆ ಮಗುಚಿ. ಟೆರೇಸಿಗೆ ಬೀಗ ಹಾಕಿಟ್ಟಿರುವ ಅಪಾರ್ಟ್‌ಮೆಂಟಿನವರು ಸೆಕ್ರೆಟರಿಯ ಹತ್ತಿರ ಬೀಗದ ಕೈ ಮೊದಲೇ ಕೇಳಿಟ್ಟುಕೊಳ್ಳಿ. ಜುಲೈ, ಆಗಸ್ಟಿನಲ್ಲಿ ಐದು ಪದರದ ಕೌದಿಯನ್ನು ನೀರಿಗೆ ಹಾಕಲೇಬೇಡಿ. ಬಾಲ್ಕನಿಯಲ್ಲಿ ಮೂರು ದಿನ ಇದ್ದರೂ ಒಳಪದರ ತಣ್ಣಗೇ ಇರುತ್ತೆ.