ಚಿಪ್ ಬಿಡಿಸುವ ಲೋಹ

ಇವತ್ತು ಬೆಂಗಳೂರಿನ ಎಸ್‌.ಪಿ. ರಸ್ತೆಯ ರಿಪೇರಿ ಅಂಗಡಿಯೊಂದರಲ್ಲಿ ಹಳೇ ಬೋರ್ಡಿನಿಂದ ಚಿಪ್ ಬಿಡಿಸೋದನ್ನು ನೋಡುತ್ತಾ ನಿಂತೆ. ಬಿಸಿಗಾಳಿ ಮಷೀನ್ ಇಲ್ಲ, ಬರೀ ಸಾಲ್ಡರಿಂಗ್ ಐರನ್. ಅಂಗಡಿ ಅಣ್ಣ ಮೊದಲು ಬೆಸುಗೆ ಚೆನ್ನಾಗಿ ಹರಿಯೋಕೆ ನೆರವಾಗುವ ಫ್ಲಕ್ಸ್ ಹಚ್ಚಿದರು. ಆಮೇಲೆ ಬಿಸ್ಮತ್, ಇಂಡಿಯಂ, ತವರ ಬೆರೆತ ತಂತಿಯನ್ನು ಎರಡೂ ಸಾಲಿನ ಪಿನ್‌ಗಳ ಮೇಲೆ ಕರಗಿಸಿದರು.

ಸೀಸವಿಲ್ಲದ ಮಾಮೂಲಿ ಸಾಲ್ಡರ್ (ಬೆಸುಗೆ ಲೋಹ) ಕರಗೋಕೆ ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಈ ತಂತಿಗೆ 60ರ ಆಸುಪಾಸು ಸಾಕು, ಬಿಸಿ ಕಾಫಿಯಷ್ಟು! ಎರಡೂ ಬೆರೆತರೆ ಹಳೇ ಸಾಲ್ಡರ್ ಕೂಡ ಕಡಿಮೆ ಬಿಸಿಗೇ ಕರಗುತ್ತದೆ, ಬೇಗ ಗಟ್ಟಿಯಾಗಲ್ಲ. ಐರನ್ ಆ ಸಾಲಿಗೆ ಹೋಗಿ ಬರುವಷ್ಟು ಹೊತ್ತು ಈ ಸಾಲೂ ನೀರಾಗೇ ಇರುತ್ತದೆ. ಚಿಮುಟದಿಂದ ಮೆಲ್ಲಗೆ ತಳ್ಳಿದ್ದೇ ತಡ, ಚಿಪ್ ಜಾರಿತು. ಪಿನ್ ಕೂರುವ ಬೋರ್ಡಿನ ತಾಮ್ರದ ತುಣುಕು, ಅಂದರೆ ಪ್ಯಾಡ್, ಒಂದೂ ಕಿತ್ತು ಬರಲಿಲ್ಲ. ಜೋಡಿಸೋದಕ್ಕಿಂತ ಬಿಡಿಸೋದಕ್ಕೇ ಜಾಸ್ತಿ ತಾಳ್ಮೆ ಬೇಕೇನೋ ಅನಿಸಿತು.

ಕೊನೆಗೆ ಸಾಲ್ಡರ್ ಹೀರುವ ತಾಮ್ರದ ಹೆಣಿಗೆಪಟ್ಟಿ, ಅಂದರೆ ವಿಕ್‌ನಿಂದ ಪ್ಯಾಡ್‌ಗಳನ್ನೆಲ್ಲ ಒರೆಸಿದರು. ಆ ಲೋಹ ಉಳಿದುಕೊಂಡರೆ ಹೊಸ ಬೆಸುಗೆ ಗಟ್ಟಿ ನಿಲ್ಲಲ್ಲ.

ಮನೆಯಲ್ಲಿ ಮಾಡುವವರು ಒಂದು ನೋಡಿಕೊಳ್ಳಿ: ವುಡ್ಸ್ ಮೆಟಲ್ ಎಂಬ ಮಿಶ್ರಲೋಹ ಕೂಡ 70 ಡಿಗ್ರಿಗೇ ಕರಗುತ್ತದೆ, ಆದರೆ ಅದರಲ್ಲಿ ಸೀಸ, ಕ್ಯಾಡ್ಮಿಯಂ ಎಂಬ ಎರಡು ವಿಷಕಾರಿ ಲೋಹಗಳೂ ಇವೆ. ದಯವಿಟ್ಟು ಅದು ಬೇಡ.