ಸೊನ್ನೆ ಬೈಟಿನ ಫೈಲು

ಈ ಕಾಲೇಜಿನಲ್ಲಿ ನಾನು ಮೂರು ವರ್ಷ ಓದಿದ ಬಿ.ಎಸ್ಸಿ. ಪಠ್ಯದಲ್ಲಿ ಇಂದು ನೆನಪಿನಲ್ಲಿ ಉಳಿದದ್ದು ತೀರಾ ಕಡಿಮೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಮೀಕರಣಗಳೆಲ್ಲ ಎಲ್ಲಿ ಹೋದವೋ ತಿಳಿಯದು. ಆದರೆ 2005ರ ಮಳೆಗಾಲದಲ್ಲಿ ಕಂಪ್ಯೂಟರ್ ಲ್ಯಾಬಿನ ಕಿಟಕಿ ಪಕ್ಕದ ಯಂತ್ರದ ಪರದೆಯ ಮೇಲೆ ಮೂಡಿದ್ದ ‘ಫೈಲ್ ಟ್ರಂಕೇಟೆಡ್’ (ಫೈಲು ಮೊಟಕಾಗಿದೆ) ಎಂಬ ಎರಡು ಪದಗಳೂ, ಅವುಗಳ ಕೆಳಗೆ ಭೌತಶಾಸ್ತ್ರದ ಮಾಸ್ತರು ಇಟ್ಟಿದ್ದ, ಚಾಕಿನ ಪುಡಿ ಮೆತ್ತಿದ ತೋರುಬೆರಳೂ ಇಂದಿಗೂ ಕಣ್ಣ ಮುಂದಿವೆ. ಮಾಸ್ತರು ಕಳೆದ ಆಷಾಢದಲ್ಲಿ ತೀರಿಕೊಂಡರು. ಶಿರಸಿಯಲ್ಲಿ ನಡೆದ ನುಡಿನಮನಕ್ಕೆ ನಮ್ಮ ತಂಡದ ಒಂಬತ್ತು ಮಂದಿ ಬಂದಿದ್ದೆವು. ಮಾತನಾಡಿದವರೆಲ್ಲ ಅವರ ಹಾರ್ಮೋನಿಯಂ ಬಗ್ಗೆ ಹೇಳಿದರು, ಸಿಟ್ಟಿನ ಬಗ್ಗೆ ಹೇಳಿದರು. ಯುಪಿಎಸ್ ಪ್ರಕರಣವನ್ನು ಮಾತ್ರ ಯಾರೂ ವೇದಿಕೆಯ ಮೇಲೆ ಎತ್ತಲಿಲ್ಲ. ಆ ಯುಪಿಎಸ್ಸನ್ನು ಹೊತ್ತವನು ನಾನಾದ್ದರಿಂದ ಬರೆದಿಡುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ.

ಮಾಸ್ತರು ಸಿದ್ದಾಪುರದ ಕಡೆಯವರು. ಧ್ವನಿಯ ಪಾಠ ಬಂದ ದಿನ ತಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ತರಗತಿಗೇ ಹೊತ್ತು ತಂದಿದ್ದರು. ಎರಡು ಸಾಲು ರೀಡುಗಳಿರುವ ಪೆಟ್ಟಿಗೆ ಅದು. ಒಂದೇ ಸ್ವರದ ಎರಡು ರೀಡುಗಳು ಕೂದಲೆಳೆಯಷ್ಟು ಹೊಂದದೆ ಹೋದರೆ ನಾದದಲ್ಲಿ ಏಳುವ ನಿಧಾನವಾದ ಅಲೆಯನ್ನು ನಮಗೆ ಕೇಳಿಸಿ, ಬೀಟ್ಸ್ ಅಂದರೆ ಇದೇ, ಪುಸ್ತಕದಲ್ಲಿ ಇದು ಕೇಳುವುದಿಲ್ಲ ಎಂದಿದ್ದರು. ಲ್ಯಾಬಿನ ಉಸ್ತುವಾರಿಯೂ ಅವರದೇ. ಹತ್ತು ಯಂತ್ರಗಳ ಪೈಕಿ ಒಂದರಲ್ಲಿ, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ, ವಿಂಡೋಸ್‌ನಂಥದೇ ಆದ ಆದರೆ ಮುಕ್ತವಾದ ಲಿನಕ್ಸ್ ಹಾಕಿಟ್ಟಿದ್ದರು. ಅದು 128 ಎಂಬಿ ಮೆಮೊರಿಯ ಸೆಲೆರಾನ್ ಯಂತ್ರ; ಸಂಜೆ ಐದರ ನಂತರ ಅದು ನಮ್ಮದು.

ನನ್ನ ಸಹಪಾಠಿಯೊಬ್ಬ ಆಗ ಮದ್ದಳೆ ಕಲಿಯುತ್ತಿದ್ದ. ಮಾಸ್ತರ ಬಳಿ ಹಳೆಯ ತಾಳಮದ್ದಳೆಯ ಕ್ಯಾಸೆಟ್ಟುಗಳಿದ್ದವು. ಅವುಗಳಲ್ಲಿ ಕೆಲವನ್ನು ಅವರ ನೆಂಟರೊಬ್ಬರು ಎಂಪಿ3 ಮಾಡಿ ಸಿ.ಡಿ.ಗೆ ಹಾಕಿಸಿಕೊಟ್ಟಿದ್ದರು. ತೀವ್ರಗತಿಯ ಪೆಟ್ಟುಗಳು ಆತನ ಕಿವಿಗೆ ಸಿಗುತ್ತಿರಲಿಲ್ಲ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಗತಿಯೇನೋ ನಿಧಾನವಾಗುತ್ತಿತ್ತು, ಜೊತೆಗೆ ಶ್ರುತಿಯೂ ಕುಸಿದು ಭಾಗವತರ ಸ್ವರ ಭೂತದ ಸ್ವರವಾಗುತ್ತಿತ್ತು. ಶ್ರುತಿ ಕೆಡಿಸದೆ ಗತಿಯನ್ನಷ್ಟೇ ಇಳಿಸುವ ತಂತ್ರಾಂಶವಿದೆ, ಹೆಸರು ಆಡಾಸಿಟಿ ಎಂದು ಮಾಸ್ತರೇ ಹೇಳಿದವರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೋಜರ್ ಡ್ಯಾನೆನ್‌ಬರ್ಗ್ ಎಂಬ ಪ್ರಾಧ್ಯಾಪಕರೂ ಡೊಮಿನಿಕ್ ಮಜ್ಜೋನಿ ಎಂಬ ಅವರ ವಿದ್ಯಾರ್ಥಿಯೂ 1999ರಲ್ಲಿ ಆರಂಭಿಸಿ 2000ದ ಮೇ ತಿಂಗಳಲ್ಲಿ ಲೋಕಕ್ಕೆ ಬಿಟ್ಟ ಕೆಲಸ ಅದು. ಮಾಸ್ತರು ಮತ್ತು ವಿದ್ಯಾರ್ಥಿ ಕೂಡಿ ಮಾಡಿದ್ದು ಎಂಬ ಮಾತನ್ನು ನಮ್ಮ ಮಾಸ್ತರು ಎರಡು ಸಲ ಹೇಳಿದ್ದರು.

ಲಿನಕ್ಸ್ ಜೊತೆಗೆ ಸಿದ್ಧವಾಗಿ ಸಿಗುತ್ತಿದ್ದ ಆಡಾಸಿಟಿಗೆ ಎಂಪಿ3 ಓದಲು ಬರುತ್ತಿರಲಿಲ್ಲ. ಆಗ ಎಂಪಿ3 ಮೇಲೆ ಪೇಟೆಂಟುಗಳಿದ್ದವು. ಲಿನಕ್ಸ್ ಹಂಚುವ ರೆಡ್ ಹ್ಯಾಟ್ ಕಂಪನಿ 2002ರಲ್ಲಿಯೇ ಅದನ್ನು ತನ್ನ ಲಿನಕ್ಸ್‌ನಿಂದ ತೆಗೆದುಹಾಕಿತ್ತು. ಹಾಗಾಗಿ ಉಳಿದ ದಾರಿ ಒಂದೇ: ಸೋರ್ಸ್ ಕೋಡನ್ನು, ಅಂದರೆ ತಂತ್ರಾಂಶದ ಮೂಲ ಬರಹವನ್ನು ತಂದು, ಎಂಪಿ3 ಬಿಡಿಸುವ ಲಿಬ್‌ಮ್ಯಾಡ್ ಎಂಬ ಲೈಬ್ರರಿಯನ್ನು (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡನ್ನು) ಸೇರಿಸಿ, ನಾವೇ ಕಂಪೈಲ್ ಮಾಡಿಕೊಳ್ಳುವುದು, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತರುವುದು. ಮಾಸ್ತರು ಹುಬ್ಬಳ್ಳಿಗೆ ಹೋದಾಗ ಸೈಬರ್ ಕೆಫೆಯಲ್ಲಿ ಕುಳಿತು ಸೋರ್ಸ್ ಕೋಡನ್ನು ಗಂಟುಕಟ್ಟಿಟ್ಟ ಟಾರ್ ಫೈಲುಗಳನ್ನೆಲ್ಲ ಸಿ.ಡಿ.ಗೆ ಬರೆಸಿಕೊಂಡು, ಬಸ್ಸಿನಲ್ಲಿ ಎದೆಗವಚಿಕೊಂಡು ತಂದರು.

ಬೇಕಾದದ್ದೆಲ್ಲ ಯಂತ್ರದಲ್ಲಿದೆಯೇ ಎಂದು ಹುಡುಕುವ ಕಾನ್ಫಿಗರ್, ಕಂಪೈಲ್ ಮಾಡಿಸುವ ಮೇಕ್, ಸಿದ್ಧವಾದದ್ದನ್ನು ಯಂತ್ರದಲ್ಲಿ ಕೂರಿಸುವ ಮೇಕ್ ಇನ್‌ಸ್ಟಾಲ್ ಎಂಬ ಮೂರು ಆಜ್ಞೆಗಳು ನಮಗೆ ಮಂತ್ರದಂತೆ ಬರುತ್ತಿದ್ದವು, ಆಗ ಅರ್ಥ ತಿಳಿದಿರಲಿಲ್ಲ. ಮೊದಲ ಸಂಜೆ ಕಾನ್ಫಿಗರ್ ನಡುದಾರಿಯಲ್ಲೇ ನಿಂತಿತು: ಡಬ್ಲ್ಯುಎಕ್ಸ್-ಕಾನ್ಫಿಗ್ ಸಿಗಲಿಲ್ಲವಂತೆ. ಆಡಾಸಿಟಿಯ ಕಿಟಕಿ, ಗುಂಡಿಗಳನ್ನೆಲ್ಲ ಬಿಡಿಸುವ ಡಬ್ಲ್ಯುಎಕ್ಸ್‌ವಿಜೆಟ್ಸ್ ಲೈಬ್ರರಿಯೇ ಆ ಯಂತ್ರದಲ್ಲಿರಲಿಲ್ಲ. ಅದನ್ನು ಕಂಪೈಲ್ ಮಾಡುವುದರಲ್ಲೇ ಒಂದು ಇಡೀ ಸಂಜೆ ಮುಗಿಯಿತು. ಮರುದಿನ ಆಡಾಸಿಟಿಯ ಸರದಿ. ಸಾಲುಗಳು ಮೇಲಕ್ಕೆ ಸರಿಯುತ್ತಿರುವಾಗ, ಮಳೆಗಾಲದ ಶಿರಸಿಯಲ್ಲಿ ಆಗುವಂತೆಯೇ, ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೇಕ್ ಕೊಟ್ಟೆವು. ಅದು ಉಳಿದ ಫೈಲುಗಳನ್ನು ಮುಗಿಸಿ, ಕೊನೆಯಲ್ಲಿ ಎಲ್ಲವನ್ನೂ ಜೋಡಿಸುವ ಹಂತದಲ್ಲಿ ನಿಂತುಬಿಟ್ಟಿತು. ನಾವು ನೋಡಿದ್ದು ಕಟ್ಟಕಡೆಯ ‘ಎರರ್ 1’ ಎಂಬ ಸಾಲನ್ನು ಮಾತ್ರ.

ಕರೆಂಟು ಹೋದದ್ದರಿಂದಲೇ ಎಲ್ಲ ಕೆಟ್ಟಿದೆ, ಬುಡದಿಂದ ಮಾಡಬೇಕು, ಅದಕ್ಕೆ ಯುಪಿಎಸ್ ಬೇಕು ಎಂದು ನಾನೂ ಆ ಸಹಪಾಠಿಯೂ ಇನ್ನೊಬ್ಬ ಗೆಳೆಯನೂ ಕೂಡಿ ತೀರ್ಮಾನಿಸಿದೆವು. ಇಡೀ ಕಾಲೇಜಿಗೆ ಇದ್ದ ಒಂದೇ ಯುಪಿಎಸ್ ಆಫೀಸಿನಲ್ಲಿತ್ತು. ಆಫೀಸಿನ ಕೀಲಿ ಜವಾನರ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ಶನಿವಾರ ರಾತ್ರಿ ಎಂಟರ ಹೊತ್ತಿಗೆ, ಸುರಿಯುವ ಮಳೆಯಲ್ಲಿ, ಆ ಯುಪಿಎಸ್ಸನ್ನು ಕಂಬಳಿಕೊಪ್ಪೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ನಾನು ಅಂಗಳ ದಾಟಿದೆ. ಒಬ್ಬ ಟಾರ್ಚ್ ಹಿಡಿದ, ಇನ್ನೊಬ್ಬ ಕಾವಲು ನಿಂತ. ಟಾರ್ ಫೈಲನ್ನು ಬೇರೆ ಫೋಲ್ಡರಿನಲ್ಲಿ ಹೊಸದಾಗಿ ಬಿಚ್ಚಿ ಶುರು ಮಾಡಿದೆವು. ಆ ರಾತ್ರಿ ಕರೆಂಟು ಎರಡು ಸಲ ಹೋಗಿ ಬಂತು, ಯುಪಿಎಸ್ ಎರಡೂ ಸಲ ತಡೆಯಿತು. ಹನ್ನೊಂದರ ಸುಮಾರಿಗೆ ಆಡಾಸಿಟಿ ತೆರೆದುಕೊಂಡಿತು. ಭಾಗವತರ ಪದವನ್ನು ಅರ್ಧ ಗತಿಗೆ ಇಳಿಸಿ ಕೇಳಿದಾಗ ಶ್ರುತಿ ಅಲುಗಲಿಲ್ಲ, ಮದ್ದಳೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬಿತ್ತು. ಸಹಪಾಠಿ ಬೆಂಚಿನ ಮೇಲೆಯೇ ಬೆರಳಾಡಿಸತೊಡಗಿದ. ಆ ಸಂಭ್ರಮದಲ್ಲಿ ಯುಪಿಎಸ್ ಮರಳಿ ಇಡುವುದು ಮರೆತೇ ಹೋಯಿತು.

ಸೋಮವಾರ ಬೆಳಿಗ್ಗೆ ಶುಲ್ಕದ ರಸೀದಿ ಹೊಡೆಯುತ್ತಿದ್ದಾಗ ಕರೆಂಟು ಹೋಗಿ ಆಫೀಸಿನಲ್ಲಿ ಗದ್ದಲವೆದ್ದಿತು. ಪ್ರಾಚಾರ್ಯರ ಮುಂದೆ ಮಾಸ್ತರು, ಲ್ಯಾಬಿನ ಕೆಲಸಕ್ಕೆ ನಾನೇ ತರಿಸಿದ್ದು, ಹೇಳುವುದು ತಪ್ಪಿಹೋಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಮಗೆ ಆಮೇಲೆಯೂ ಬೈಯಲಿಲ್ಲ. ಸಂಜೆ ಲ್ಯಾಬಿಗೆ ಕರೆದು, ಕೆಟ್ಟುನಿಂತಿದ್ದ ಹಳೆಯ ಫೋಲ್ಡರಿಗೆ ಹೋಗಿ ಮತ್ತೆ ಮೇಕ್ ಕೊಡಿಸಿದರು. ಅದೇ ಎರರ್ ಬಂತು.

“ಎಂತ ಹೇಳ್ತದೆ ಅದು? ಓದು ತಮಾ.”

“ಎರರ್ 1 ಅಂತ, ಸರ್.”

“ಅದು ಕಡೇದು. ಮೇಲೆ ಹೋಗು. ಮೊದಲು ತಪ್ಪಿದ್ದು ಎಲ್ಲಿ?”

ನಾಲ್ಕು ಸಾಲು ಮೇಲೆ ಒಂದು ಆಬ್ಜೆಕ್ಟ್ ಫೈಲಿನ (ಕಂಪೈಲ್ ಆದ ಒಂದು ತುಣುಕಿನ) ಹೆಸರು, ಅದರ ಮುಂದೆ ‘ಫೈಲ್ ಟ್ರಂಕೇಟೆಡ್’. ಪಟ್ಟಿ ತೆಗೆದು ನೋಡಿದರೆ ಆ ಫೈಲಿನ ಗಾತ್ರ ಸೊನ್ನೆ ಬೈಟು. ಮೇಕ್ ಪ್ರತಿಯೊಂದು ಸೋರ್ಸ್ ಫೈಲಿನ ಸಮಯವನ್ನೂ ಅದರಿಂದ ಹುಟ್ಟಿದ ಆಬ್ಜೆಕ್ಟ್ ಫೈಲಿನ ಸಮಯವನ್ನೂ ಹೋಲಿಸಿ, ಆಬ್ಜೆಕ್ಟ್ ಹೊಸದಾಗಿದ್ದರೆ ಅದರ ಕೆಲಸ ಮುಗಿದಿದೆ ಎಂದು ಮುಂದೆ ಹೋಗುತ್ತದೆ; ನಿಂತಲ್ಲಿಂದ ಮುಂದುವರಿಯುವ ಶಕ್ತಿ ಅದಕ್ಕೆ ಬಂದಿರುವುದೇ ಹೀಗೆ. ಕರೆಂಟು ಹೋದ ಗಳಿಗೆಯಲ್ಲಿ ಆ ಒಂದು ಫೈಲಿನ ಹೆಸರು ಡಿಸ್ಕಿಗೆ ಇಳಿದಿತ್ತು, ಒಳಗಿನ ಹುರುಳು ಇಳಿದಿರಲಿಲ್ಲ. ಹೆಸರೂ ಸಮಯವೂ ಸರಿಯಾಗಿದ್ದುದರಿಂದ ಮೇಕ್ ಅದನ್ನು ದಾಟಿ ಹೋಗಿತ್ತು. ಮಾಸ್ತರು ಆ ಫೈಲನ್ನು ಅಳಿಸಿ ಮೇಕ್ ಕೊಟ್ಟರು. ಅದೊಂದೇ ಕಂಪೈಲ್ ಆಯಿತು, ಎಲ್ಲ ಜೋಡಣೆಯಾಯಿತು, ಐದು ನಿಮಿಷದಲ್ಲಿ ಆಡಾಸಿಟಿ ಸಿದ್ಧವಾಯಿತು. ಶಿಕ್ಷೆಯಾಗಿ, ಕಾನ್ಫಿಗರ್ ಉಗುಳುವ ಪ್ರತಿಯೊಂದು ಸಾಲನ್ನೂ ಪ್ರಾಕ್ಟಿಕಲ್ ಪುಸ್ತಕದಲ್ಲಿ ಬರೆದು, ಅದು ಏನನ್ನು ಹುಡುಕುತ್ತಿದೆ, ಏಕೆ ಹುಡುಕುತ್ತಿದೆ ಎಂದು ಎದುರಿಗೆ ಬರೆದು ತೋರಿಸಬೇಕಾಯಿತು. ನನಗೆ ಹದಿನೇಳು ದಿನ ಹಿಡಿಯಿತು. ಆ ಪುಸ್ತಕ ಈಗಲೂ ನನ್ನಲ್ಲಿದೆ.

ಇಂದು ನಮ್ಮ ಕಂಪನಿಯಲ್ಲಿ ಯಾವುದೇ ಬಿಲ್ಡ್, ಅಂದರೆ ಕಂಪೈಲ್ ಮಾಡಿ ಜೋಡಿಸುವ ಕೆಲಸ, ನಿಂತರೆ ಮೊದಲು ನನ್ನನ್ನೇ ಕರೆಯುತ್ತಾರೆ. ಸಂಗೀತದ ಒಂದು ಮುಕ್ತ ತಂತ್ರಾಂಶದಲ್ಲಿ ನಾನು ಕಳುಹಿಸಿದ ಎರಡು ತಿದ್ದುಪಡಿಗಳು ಸೇರಿವೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಏಕೆಂದರೆ ಇದರ ಲೆಕ್ಕ ಆ ಹದಿನೇಳು ದಿನಗಳಿಗೆ ಸಲ್ಲಬೇಕು.

ನುಡಿನಮನದ ದಿನ ಈಗಿನ ಲ್ಯಾಬನ್ನೂ ನೋಡಿದೆ. ಯಂತ್ರಗಳು ಚೆನ್ನಾಗಿವೆ, ಇನ್ವರ್ಟರ್ ಇದೆ. ಆದರೆ ಹೊಸದೇನನ್ನೂ ಹಾಕದಂತೆ ಎಲ್ಲಕ್ಕೂ ಬೀಗ ಬಿದ್ದಿದೆ. ಹಾಡು ರೆಕಾರ್ಡ್ ಮಾಡುವ ಹಂಬಲವಿರುವ ಅಂತಿಮ ವರ್ಷದ ಹುಡುಗನೊಬ್ಬ, ಆರ್ಡೋರ್ ಒಳ್ಳೆಯದಂತೆ, ದುಡ್ಡು ಕೊಡಬೇಕಲ್ಲ ಸರ್ ಎಂದ. ಪಾಲ್ ಡೇವಿಸ್ ಆರಂಭಿಸಿದ ಆ ತಂತ್ರಾಂಶದಲ್ಲಿ ದುಡ್ಡು ಇರುವುದು ಸಿದ್ಧಪಡಿಸಿದ ಪ್ರತಿಗೆ. ಸೋರ್ಸ್ ಕೋಡ್ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿದೆ, ಕಂಪೈಲ್ ಮಾಡಿಕೊಂಡವನು ಯಾರಿಗೂ ಕಾಸು ಕೊಡಬೇಕಾಗಿಲ್ಲ. ಇದನ್ನು ಆ ಹುಡುಗನಿಗೆ ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅಧ್ಯಾಪಕರನ್ನು ದೂರಲಾರೆ, ಸಂಜೆ ಐದರ ನಂತರವೂ ಅವರು ಅಂಕಗಳನ್ನು ಅಪ್‌ಲೋಡ್ ಮಾಡುತ್ತಲೇ ಕುಳಿತಿದ್ದರು. ಬೆರಳಿನ ಒಂದು ಒತ್ತಿಗೆ ಎಲ್ಲ ಇನ್‌ಸ್ಟಾಲ್ ಆಗುವುದು ಒಳ್ಳೆಯದೇ, ನಾನೂ ಹಾಗೆಯೇ ಮಾಡುತ್ತೇನೆ. ಆದರೆ ಒಂದಾದರೂ ಎರರನ್ನು ಪೂರ್ತಿ ಓದದೆ ಪದವಿ ಮುಗಿಯಬಾರದು ಎಂಬ ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತೇನೆ.

ಮಾಸ್ತರ ಮನೆಯವರು ಅವರ ಉಳಿದ ಇಪ್ಪತ್ತಮೂರು ಕ್ಯಾಸೆಟ್ಟುಗಳನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಏಳೆಂಟರ ಪಾರದರ್ಶಕ ಕಿಂಡಿಯಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುವುದು ಕಾಣುತ್ತದೆ. ಅವುಗಳನ್ನು ದಯವಿಟ್ಟು ಯಾರೂ ಟೇಪ್ ರೆಕಾರ್ಡರಿಗೆ ಹಾಕಿ ನೋಡಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಡಿಸೆಂಬರಿನ ಕೊನೆಯ ವಾರ, ಹವೆ ಒಣಗಿರುವಾಗ, ನಾನು ಒಂದು ಒಳ್ಳೆಯ ಡೆಕ್ಕನ್ನು ತೆಗೆದುಕೊಂಡು ಬರುತ್ತೇನೆ. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ತಂತ್ರಾಂಶ ಕಂಪೈಲ್ ಮಾಡುವುದರಿಂದಲೇ ಆರಂಭಿಸುವ ಉದ್ದೇಶವಿದೆ. ಸಂಜೆ ಐದರಿಂದ ಎಂಟರವರೆಗೆ ಕುಳಿತುಕೊಳ್ಳುವ ತಾಳ್ಮೆಯುಳ್ಳ ಇಬ್ಬರು ವಿದ್ಯಾರ್ಥಿಗಳು ಬೇಕು. ಲ್ಯಾಬಿನ ಕೀಲಿ ಕೊಡಲು ಈಗಿನ ಪ್ರಾಚಾರ್ಯರು ಒಪ್ಪಿದ್ದಾರೆ.